43 ಸರ್ಟಿಫಿಕೇಟ್ ಬಂತು, ಸಂಬಳ ಮಾತ್ರ ಅಲ್ಲೇ ಇದೆ

ಪ್ರಶ್ನೆ: ನಾನು ಚಿಂತಾಮಣಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಏಳು ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿದ್ದೇನೆ. ಅನುದಾನ ಇಲ್ಲದ ಕಾಲೇಜು. ಎಂ.ಕಾಂ.ನಲ್ಲಿ 61 ಪರ್ಸೆಂಟ್ ಇದೆ. ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಒಮ್ಮೆ ಬರೆದೆ, ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ಬರೆದಿಲ್ಲ. ನಮ್ಮ ಪ್ರಿನ್ಸಿಪಾಲರು ವಾರಕ್ಕೊಂದು ಎಫ್‌ಡಿಪಿ (ಅಧ್ಯಾಪಕರ ಕಿರು ತರಬೇತಿ) ಲಿಂಕ್ ಗ್ರೂಪಿಗೆ ಹಾಕುತ್ತಾರೆ, ಎಲ್ಲರೂ ಮಾಡಲೇಬೇಕು ಅನ್ನುತ್ತಾರೆ. ಇದುವರೆಗೆ 43 ಸರ್ಟಿಫಿಕೇಟ್ ಆಗಿದೆ. ಫೀಸು ನಮ್ಮದೇ, ಊರಾಚೆ ಹೋದರೆ ರಜೆಯೂ ನಮ್ಮದೇ. ಸಂಬಳ 28,000 ರೂಪಾಯಿ. ಇವುಗಳಿಂದ ಬಡ್ತಿ, ಇನ್‌ಕ್ರಿಮೆಂಟ್ ಏನಾದರೂ ಸಿಗುತ್ತದೆಯೇ? ಪಿಎಚ್‌.ಡಿ.ಗೆ ಸೇರಬೇಕೇ? ನಾಲ್ಕು ವರ್ಷದ ಮಗ ಇದ್ದಾನೆ. ನಮ್ಮ ಆಫೀಸಿನಲ್ಲಿ ಕ್ಲರ್ಕ್ ಆಗಿರುವ ಅಕ್ಕನೂ ಕೇಳುತ್ತಿದ್ದಾರೆ, ಅವರಂಥವರಿಗೆ ಯಾವ ತರಬೇತಿ ಇದೆ? ಇನ್ನೊಂದು ವಿಷಯ, ಸೇರುವಾಗ ಕೊಟ್ಟ ಮೂಲ ಅಂಕಪಟ್ಟಿಗಳು ಇನ್ನೂ ಮ್ಯಾನೇಜ್‌ಮೆಂಟ್ ಹತ್ತಿರವೇ ಇವೆ.

ಉತ್ತರ: ಮೇಡಂ, ಮೊದಲು ಆ 43 ಸರ್ಟಿಫಿಕೇಟಿನ ಫೈಲು ತೆಗೆದು ಎರಡು ಗುಡ್ಡೆ ಮಾಡಿ. ಈ ಕೆಲಸ ಬಿಟ್ಟು ಬೇರೆ ಕಡೆ ಹೋದರೂ ನಿಮ್ಮ ಜೊತೆ ಬರುವಂಥವು ಒಂದು ಗುಡ್ಡೆ. ಈ ಕಾಲೇಜಿನ ಗೇಟು ದಾಟಿದ ತಕ್ಷಣ ಬೆಲೆ ಕಳೆದುಕೊಳ್ಳುವಂಥವು ಇನ್ನೊಂದು ಗುಡ್ಡೆ. ನನ್ನ ಅಂದಾಜಿನಲ್ಲಿ ಎರಡನೇ ಗುಡ್ಡೆಯೇ ದೊಡ್ಡದಾಗುತ್ತದೆ. ಬೇಜಾರಾಗಬೇಡಿ. ತುಮಕೂರು, ಕೋಲಾರ ಜಿಲ್ಲೆಗಳ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿ, ಕೊನೆಯ ಎಂಟು ವರ್ಷ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡುವ ಘಟಕದ ಕೆಲಸ ನೋಡಿಕೊಂಡವನು ನಾನು. ನಿವೃತ್ತಿ ದಿನ ನನ್ನ ಫೈಲು ತೆಗೆದು ನೋಡಿದರೆ ಅದರಲ್ಲೂ ಅರ್ಧ ಬರೀ ಬಣ್ಣದ ಕಾಗದವೇ ಇತ್ತು.

ಕಾಲೇಜು ಯಾಕೆ ಇಷ್ಟು ಒತ್ತಾಯ ಮಾಡುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. ಅದು ಗೊತ್ತಾದರೆ ಕೇಳುವ ಧೈರ್ಯ ಬರುತ್ತದೆ. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ. ಅದರ ಮಾನ್ಯತೆಗೆ ಕಾಲೇಜು ಬರೆದು ಕೊಡುವ ವರದಿಯಲ್ಲಿ ಏಳು ವಿಭಾಗಗಳಿದ್ದವು. ಆರನೆಯದು ಆಡಳಿತದ್ದು. ಅದರಲ್ಲಿ 6.3 ಅಂತ ಒಂದು ಭಾಗ, ಪೂರ್ತಿ ಸಿಬ್ಬಂದಿಯ ಬಗ್ಗೆಯೇ. ಪಾಠ ಮಾಡುವವರಿಗೂ ಆಫೀಸಿನವರಿಗೂ ಏನೇನು ಸೌಲಭ್ಯ ಕೊಟ್ಟಿದ್ದೀರಿ ಅಂತ ಒಂದು ಕಡೆ ಕೇಳುತ್ತಾರೆ. ಎಷ್ಟು ಜನ ಎಫ್‌ಡಿಪಿಗೆ ಹೋದರು ಅಂತ ಇನ್ನೊಂದು ಕಡೆ. ಇವೆರಡರ ನಡುವೆ ಯಾರೂ ಬಾಯಿ ಬಿಟ್ಟು ಹೇಳದ ಪ್ರಶ್ನೆ ಒಂದಿದೆ. ಕಾರ್ಯಾಗಾರ, ಸಮ್ಮೇಳನಗಳಿಗೆ ಹೋಗಲು ಕಾಲೇಜಿನಿಂದ ಹಣ ಪಡೆದ ಅಧ್ಯಾಪಕರು ನೂರಕ್ಕೆ ಎಷ್ಟು? ಅಂದರೆ ನಿಮ್ಮ ಫೀಸು ಕಟ್ಟಿದರೆ ಕಾಲೇಜಿಗೇ ಅಂಕ ಬರುತ್ತಿತ್ತು! ನ್ಯಾಕ್ ಪದ್ಧತಿ ಈಗ ಬದಲಾಗುವ ಹಾದಿಯಲ್ಲಿದೆ, ನಿಜ. ಆದರೆ ಹಳೆಯ ವರದಿಗಳು ಎಲ್ಲಿಗೂ ಹೋಗಿಲ್ಲ. ನಿಮ್ಮ ಕಾಲೇಜು ಮಾನ್ಯತೆ ಪಡೆದಿದ್ದರೆ ಅದರ ವೆಬ್‌ಸೈಟಿನಲ್ಲಿ ಐಕ್ಯೂಎಸಿ ಅಂತ ಒಂದು ಪುಟ ಇರುತ್ತದೆ. ಅಲ್ಲಿ ವಾರ್ಷಿಕ ವರದಿ ತೆಗೆದು 6.3 ಓದಿ. ಹಣ ಕೊಟ್ಟಿದ್ದೇವೆ ಎಂದು ಬರೆದ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಬಹುದು. ಇದನ್ನು ಓದಿ ಜಗಳಕ್ಕೆ ಹೋಗಿ ಅನ್ನುತ್ತಿಲ್ಲ. ಓದಿರಿ, ಅಷ್ಟೇ.

ಈಗ ಬಡ್ತಿಯ ಮಾತು. ಎಫ್‌ಡಿಪಿ, ಓರಿಯೆಂಟೇಶನ್ (ಬೋಧನಾ ವಿಧಾನದ ತರಬೇತಿ), ರಿಫ್ರೆಶರ್ (ತಮ್ಮ ವಿಷಯದ ಮರುತರಬೇತಿ) ಅಂತ ಏನೆಲ್ಲ ಕೇಳುತ್ತೀರೋ ಅವುಗಳಿಗೆ ಬೆಲೆ ಬಂದಿದ್ದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೇತನ ಶ್ರೇಣಿಯಿಂದ. 2018ರ ಯುಜಿಸಿ ನಿಯಮದಲ್ಲಿ ಸಿಎಎಸ್ ಅಂತ ಬಡ್ತಿಯ ಯೋಜನೆ ಇದೆ. ಸಹಾಯಕ ಪ್ರಾಧ್ಯಾಪಕರು ಹಂತ 10ರಲ್ಲಿ ಸೇರುತ್ತಾರೆ, ಅದರ ಆರಂಭ 57,700 ರೂಪಾಯಿ. ಹಂತ 11ರ ಆರಂಭ 68,900. ಈ ಮೆಟ್ಟಿಲು ಹತ್ತಲು ಪಿಎಚ್‌.ಡಿ. ಇದ್ದವರಿಗೆ ನಾಲ್ಕು ವರ್ಷ, ಎಂ.ಫಿಲ್. ಇದ್ದವರಿಗೆ ಐದು, ಎರಡೂ ಇಲ್ಲದವರಿಗೆ ಆರು ವರ್ಷ ಸೇವೆ ಬೇಕು. ಜೊತೆಗೆ 21 ದಿನದ ಒಂದು ಓರಿಯೆಂಟೇಶನ್ ಬೇಕು. ಅದರ ಮೇಲೆ ಒಂದು ರಿಫ್ರೆಶರ್, ಅಥವಾ ವಾರದ ಎರಡು ಎಫ್‌ಡಿಪಿ, ಅಥವಾ ಸರ್ಟಿಫಿಕೇಟ್ ಇರುವ ಒಂದು ಆನ್‌ಲೈನ್ ಕೋರ್ಸ್. ಲೆಕ್ಕ ಹಾಕಿ ನೋಡಿ. ಆರು ವರ್ಷಕ್ಕೆ ಮೂರೇ ಮೂರು ಕಾಗದ ಸಾಕು. 43 ಯಾರೂ ಕೇಳಿಲ್ಲ.

ಸಿರಾದಲ್ಲೋ ಗೌರಿಬಿದನೂರಿನಲ್ಲೋ ಸರ್ಕಾರಿ ಕಾಲೇಜಿನಲ್ಲಿ ಕಾಯಂ ಆಗಿರುವವರಿಗೆ, ಅನುದಾನಿತ ಹುದ್ದೆಯಲ್ಲಿ ಇರುವವರಿಗೆ ಆ ಮೂರು ಕಾಗದ ಅಂದರೆ ದುಡ್ಡು. ನಿಮ್ಮ ವಿಷಯದಲ್ಲಿ ಹಾಗಲ್ಲ. ನಿಮ್ಮ ನೇಮಕ ಪತ್ರದಲ್ಲಿ ಏನು ಬರೆದಿದೆಯೋ ಅದೇ ನಿಮ್ಮ ನಿಯಮ. ಅದರಲ್ಲಿ ಇನ್‌ಕ್ರಿಮೆಂಟಿನ ಮಾತೇ ಇಲ್ಲದಿದ್ದರೆ ನೂರು ಸರ್ಟಿಫಿಕೇಟ್ ತಂದರೂ ಮ್ಯಾನೇಜ್‌ಮೆಂಟ್ ಮೇಲೆ ಯಾವ ಬಾಧ್ಯತೆಯೂ ಬರುವುದಿಲ್ಲ. ಕಹಿ ಮಾತು, ಆದರೆ ಏಳು ವರ್ಷದ ಮೇಲೆ ಸುತ್ತಿ ಬಳಸಿ ಹೇಳಿ ಏನು ಉಪಯೋಗ ಅಲ್ವಾ?

ನನ್ನದೇ ಒಂದು ಕತೆ ಹೇಳುತ್ತೇನೆ. ನಾನು ಓರಿಯೆಂಟೇಶನ್‌ಗೆ ಮೈಸೂರಿಗೆ ಹೋದಾಗ ಅದು ನಾಲ್ಕು ವಾರದ್ದು. ಹಾಸ್ಟೆಲಿನಲ್ಲಿ ಇದ್ದು ಮಾನಸಗಂಗೋತ್ರಿಯಲ್ಲಿ ದಿನಕ್ಕೆ ನಾಲ್ಕು ಉಪನ್ಯಾಸ ಕೇಳಬೇಕಿತ್ತು. ಅರ್ಧ ಉಪನ್ಯಾಸ ಮರೆತಿದ್ದೇನೆ. ಆದರೆ ರಾತ್ರಿ ಊಟ ಆದ ಮೇಲೆ ಬೀದರಿನವರು, ಕಾರವಾರದವರು ಕೂತು ತಮ್ಮ ತಮ್ಮ ತರಗತಿಯ ಕಷ್ಟ ಹೇಳಿಕೊಳ್ಳುತ್ತಿದ್ದರಲ್ಲ, ಅದರಿಂದ ಕಲಿತದ್ದು ಇವತ್ತಿಗೂ ಇದೆ. ಸರಿ, ವಾಪಸ್ ಬಂದೆ, ಸರ್ಟಿಫಿಕೇಟ್ ಫೈಲಿಗೆ ಸೇರಿಸಿದೆ. ಬಡ್ತಿಯ ಹೊತ್ತಿಗೆ ಆಕ್ಷೇಪಣೆ ಬಂತು: ಕಾಲೇಜಿನಿಂದ ಬಿಡುಗಡೆ ಮಾಡಿದ ಆದೇಶ ಎಲ್ಲಿ, ವಾಪಸ್ ಹಾಜರಾದ ವರದಿ ಎಲ್ಲಿ? ಅವೆರಡನ್ನೂ ನಾನು ಇಟ್ಟುಕೊಂಡಿರಲಿಲ್ಲ. ಹಳೆಯ ಕಾಲೇಜಿನಲ್ಲಿ ಹಾಜರಿ ಪುಸ್ತಕ ಹುಡುಕಿಸಿ, ನಕಲು ತೆಗೆಸಿ, ಮೇಲಿನ ಕಚೇರಿಗೆ ಕಳಿಸುವಷ್ಟರಲ್ಲಿ ಹದಿನಾಲ್ಕು ತಿಂಗಳು ಹೋಯಿತು. ಅದಕ್ಕೇ ಹೇಳುತ್ತೇನೆ, ಯಾವುದೇ ತರಬೇತಿಗೆ ಹೋಗಲಿ, ಅನುಮತಿ ಪತ್ರ, ಬಿಡುಗಡೆ ಆದೇಶ, ಸರ್ಟಿಫಿಕೇಟ್, ವಾಪಸ್ ಹಾಜರಾದ ಪತ್ರ, ನಾಲ್ಕನ್ನೂ ಒಂದೇ ಕಡೆ ಪಿನ್ ಮಾಡಿ ಇಡಿ.

ಖಾಸಗಿ ಕಾಲೇಜಿನ ಸೇವೆ ಪೂರ್ತಿ ನೀರಿಗೆ ಹೋಗುತ್ತದೆ ಅಂತಲೂ ತಿಳಿಯಬೇಡಿ. ಅದೇ 2018ರ ನಿಯಮದಲ್ಲಿ ಹಿಂದಿನ ಸೇವೆಯನ್ನು ಎಣಿಸುವ ಭಾಗ ಇದೆ. ಹಿಂದಿನ ಕಾಲೇಜು ಖಾಸಗಿ ಅನ್ನುವ ಒಂದೇ ಕಾರಣಕ್ಕೆ ಸೇವೆಯನ್ನು ಬೇರೆ ಥರ ನೋಡುವಂತಿಲ್ಲ ಅನ್ನುತ್ತದೆ ಅದು. ಷರತ್ತುಗಳು ಮಾತ್ರ ಬಿಗಿ. ಆಗ ನಿಮಗೆ ಯುಜಿಸಿ ಹೇಳುವ ಅರ್ಹತೆ ಇರಬೇಕು, ಆಯ್ಕೆ ಸಮಿತಿಯ ಮೂಲಕ ನೇಮಕ ಆಗಿರಬೇಕು, ವೇತನ ಶ್ರೇಣಿ ಸಮಾನವಾಗಿರಬೇಕು. ಅತಿಥಿ ಉಪನ್ಯಾಸಕರಾಗಿ ಮಾಡಿದ ಸೇವೆ ಈ ಲೆಕ್ಕಕ್ಕೆ ಬರುವುದಿಲ್ಲ. 28,000 ಸಂಬಳದಲ್ಲಿ ಶ್ರೇಣಿಯ ಷರತ್ತು ದಾಟುವುದು ಕಷ್ಟ, ನಿಜ. ಆದರೂ ನೇಮಕ ಪತ್ರ, ಸಂಬಳದ ಚೀಟಿ, ವಿಶ್ವವಿದ್ಯಾಲಯ ಅನುಮೋದನೆ ಕೊಟ್ಟಿದ್ದರೆ ಅದರ ಪ್ರತಿ, ಇವನ್ನು ಬಿಸಾಡಬೇಡಿ.

ಹಾಗಾದರೆ ನಿಮ್ಮ ಮುಂದಿನ ಎರಡು ವರ್ಷವನ್ನು ಎಲ್ಲಿ ಹಾಕಬೇಕು? ಕೆ-ಸೆಟ್‌ನಲ್ಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ. 2021ರ ಜುಲೈಯಿಂದ ಪಿಎಚ್‌.ಡಿ. ಕಡ್ಡಾಯ ಆಗುತ್ತದೆ ಅಂತ ಒಂದು ಕಾಲಕ್ಕೆ ಎಲ್ಲರೂ ಹೆದರಿದ್ದರು. ಅದು ಮುಂದಕ್ಕೆ ಹೋಯಿತು. 2023ರಲ್ಲಿ ಯುಜಿಸಿ ನಿಯಮಕ್ಕೇ ತಿದ್ದುಪಡಿ ತಂದು, ಸಹಾಯಕ ಪ್ರಾಧ್ಯಾಪಕರ ನೇರ ನೇಮಕಕ್ಕೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ, ಇಲ್ಲವೇ ರಾಜ್ಯಮಟ್ಟದ ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ ಅಂತ ಮಾಡಿತು. ಪಿಎಚ್‌.ಡಿ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಾಗಿಲು ಮುಚ್ಚಿಲ್ಲ. ಅಂದರೆ ನಿಮ್ಮ ಫೈಲಿನಲ್ಲಿ 43 ಕಾಗದ ಇದ್ದೂ ಒಳಗೆ ಬಿಡುವ ಒಂದು ಕಾಗದವೇ ಇಲ್ಲ.

2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆ ಕರೆದರು, ನೆನಪಿದೆಯೇ? 2022ರ ಮಾರ್ಚಿನಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ನಡೆಸಿತು. ಅಲ್ಲಿ ಅರ್ಜಿ ಹಾಕಲು ನೆಟ್, ಸೆಟ್‌ನಂಥ ಅರ್ಹತೆ ಬೇಕಿತ್ತು, ಆಯ್ಕೆ ಆಗಿದ್ದು ಲಿಖಿತ ಪರೀಕ್ಷೆಯ ಅಂಕದ ಮೇಲೆ. ಎಫ್‌ಡಿಪಿ ಸರ್ಟಿಫಿಕೇಟಿಗೆ ಅಲ್ಲಿ ಸೊನ್ನೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹುಡುಗ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕನಾಗಿದ್ದ. ತರಗತಿಯಲ್ಲಿ ಹುಲಿ. ಸೆಟ್ ಇಲ್ಲದೆ ಅರ್ಜಿಯನ್ನೇ ಹಾಕಲಾಗಲಿಲ್ಲ.

ಕೆ-ಸೆಟ್‌ನಲ್ಲಿ ಎರಡು ಪತ್ರಿಕೆ. ಮೊದಲನೆಯದು ಎಲ್ಲರಿಗೂ ಒಂದೇ, 50 ಪ್ರಶ್ನೆ, 100 ಅಂಕ. ಎರಡನೆಯದು ನಿಮ್ಮ ವಿಷಯದ್ದು, 100 ಪ್ರಶ್ನೆ, 200 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ 40 ಪರ್ಸೆಂಟ್, ಮೀಸಲಾತಿ ಇರುವವರಿಗೆ 35 ಬಂದರೆ ಪಾಸ್ ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ಅದು ಬರೀ ಹೊಸ್ತಿಲು. ಎರಡೂ ಪತ್ರಿಕೆ ಬರೆದವರಲ್ಲಿ ಶೇಕಡ 6ರಷ್ಟು ಜನರನ್ನು ಮಾತ್ರ ಅರ್ಹರು ಅಂತ ತೆಗೆದುಕೊಳ್ಳುತ್ತಾರೆ. ಕಾಮರ್ಸ್‌ಗೆ ಬರೆಯುವವರೂ ಜಾಸ್ತಿ. ಸ್ವಲ್ಪದರಲ್ಲಿ ತಪ್ಪಿತು ಅಂದಿರಿ. ನಾನು ಕಂಡಂತೆ ಕೆಲಸದಲ್ಲಿರುವ ಕಾಮರ್ಸ್‌ನವರು ತಮ್ಮ ವಿಷಯದಲ್ಲಿ ಬೀಳುವುದು ಕಡಿಮೆ, ಮೊದಲ ಪತ್ರಿಕೆಯಲ್ಲಿ ಬೀಳುತ್ತಾರೆ. ಬೋಧನೆ, ಸಂಶೋಧನೆ, ತರ್ಕ, ಅಂಕಿ ಅಂಶ ಓದುವುದು, ಕಂಪ್ಯೂಟರ್, ಉನ್ನತ ಶಿಕ್ಷಣದ ವ್ಯವಸ್ಥೆ, ಇವೆಲ್ಲ ಅದರಲ್ಲಿ ಬರುತ್ತವೆ. ಹಳೆಯ ಪ್ರಶ್ನೆಪತ್ರಿಕೆ ಹತ್ತು ಬಿಡಿಸಿ. ನೆಟ್‌ಗೂ ಇದೇ ಓದು ಸಾಕು. ಕೆ-ಸೆಟ್ ನಮ್ಮ ರಾಜ್ಯಕ್ಕೆ ಮಾತ್ರ, ನೆಟ್ ಇಡೀ ದೇಶಕ್ಕೆ. ಚಿಂತಾಮಣಿಯಿಂದ ಆಂಧ್ರದ ಗಡಿ ಎಷ್ಟು ದೂರ ಅಂತ ನಿಮಗೇ ಗೊತ್ತು, ಮದನಪಲ್ಲಿ ಕಡೆಯ ಕಾಲೇಜಿಗೂ ನೆಟ್ ನಡೆಯುತ್ತದೆ.

ಪಿಎಚ್‌.ಡಿ. ಬಗ್ಗೆ ಕೇಳಿದ್ದೀರಿ. ಮಾಡಿ, ಆದರೆ ಸೆಟ್ ಆದ ಮೇಲೆ. 2022ರ ಯುಜಿಸಿ ಪಿಎಚ್‌.ಡಿ. ನಿಯಮದಲ್ಲಿ ಪಾರ್ಟ್‌ಟೈಮ್‌ಗೆ ಅವಕಾಶ ಇದೆ. ಅದಕ್ಕೆ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು. ಓದಲು ಸಮಯ ಕೊಡುತ್ತೇವೆ, ಕೋರ್ಸ್‌ವರ್ಕಿಗೆ ಬೇಕಾದರೆ ಬಿಡುಗಡೆ ಮಾಡುತ್ತೇವೆ ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಬಾಯಿ ಮಾತಿಗೆ ನಂಬಿ ಸೇರಿದರೆ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷ ಸಿಗುತ್ತದೆ. ಹೆರಿಗೆ, ಮಗುವಿನ ಆರೈಕೆಗೆ ಅಂತ 240 ದಿನದವರೆಗೆ ರಜೆಯೂ ಇದೆ. ಮಗ ಚಿಕ್ಕವನು ಅಂದಿರಲ್ಲ, ಅದಕ್ಕೆ ಹೇಳಿದೆ.

ನಿಮಗೆ ಹತ್ತಿರದ್ದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. 2017ರಲ್ಲಿ ಆಗಿದ್ದು, ಕೋಲಾರದ ಟಮಕದಲ್ಲಿದೆ. ತುಮಕೂರು ವಿಶ್ವವಿದ್ಯಾಲಯ 2004ರದ್ದು, ನಿಮಗೆ ದೂರ. ವಿಶ್ವವಿದ್ಯಾಲಯ ಆರಿಸುವುದಕ್ಕಿಂತ ಗೈಡ್ ಸಿಗುವುದೇ ದೊಡ್ಡ ಕೆಲಸ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು ಜನರನ್ನು, ಅಸೋಸಿಯೇಟ್ ಪ್ರೊಫೆಸರ್ ಆರು ಜನರನ್ನು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಗೈಡ್ ಯಾರು ಅಂತ ವಿಚಾರಿಸುವಾಗ ಅವರ ನಿವೃತ್ತಿ ಯಾವಾಗ ಅಂತಲೂ ಸಂಕೋಚ ಬಿಟ್ಟು ವಿಚಾರಿಸಿ. ಮಧ್ಯದಲ್ಲಿ ಗೈಡ್ ಬದಲಾದವರ ಪಾಡು ನಾನು ನೋಡಿದ್ದೇನೆ.

ವಿಷಯ ಆರಿಸುವಾಗ ಮನೆ ಹತ್ತಿರ ನೋಡಿ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವು. ಹಣ ಹೇಗೆ ಓಡಾಡುತ್ತದೆ, ಸಾಲ ಯಾರು ಕೊಡುತ್ತಾರೆ, ಬೆಲೆ ಬಿದ್ದ ದಿನ ಲೆಕ್ಕದ ಪುಸ್ತಕದಲ್ಲಿ ಏನು ಬರೆಯುತ್ತಾರೆ? ಇಷ್ಟೆಲ್ಲ ಬಸ್ಸಿನ ದಾರಿಯಲ್ಲೇ ಇರುವಾಗ ಯಾರೋ ಕೊಟ್ಟ ‘ಬೆಂಗಳೂರು ನಗರದ ಗ್ರಾಹಕರ ಆನ್‌ಲೈನ್ ಖರೀದಿ’ ವಿಷಯಕ್ಕೆ ಪ್ರಶ್ನಾವಳಿ ಹಿಡಿದು ಅಲೆಯುವುದು ಯಾಕೆ?

ಇನ್ನು ತರಬೇತಿಗಳು. ಪೂರ್ತಿ ಬಿಡಿ ಅನ್ನುತ್ತಿಲ್ಲ. ವರ್ಷಕ್ಕೆ ಒಂದು ಅಥವಾ ಎರಡು, ಆರಿಸಿ ಮಾಡಿ. ಅಧ್ಯಾಪಕರಿಗೆ ತರಬೇತಿ ಕೊಡುವ ಯುಜಿಸಿ ಕೇಂದ್ರಗಳನ್ನು ಹಿಂದೆ ಅಕಾಡೆಮಿಕ್ ಸ್ಟಾಫ್ ಕಾಲೇಜು ಅನ್ನುತ್ತಿದ್ದರು, ಆಮೇಲೆ ಅವು ಎಚ್‌ಆರ್‌ಡಿಸಿ ಆದವು. 2023ರ ಶಿಕ್ಷಕರ ದಿನಾಚರಣೆಯಂದು ಮಾಳವೀಯ ಮಿಷನ್ ಶುರುವಾಗಿ, ಈಗ ಅದೇ ಹೆಸರಿನ ಕೇಂದ್ರಗಳಾಗಿವೆ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇವೆ. ಆನ್‌ಲೈನ್ ಕಾರ್ಯಕ್ರಮಗಳೂ ಇವೆ, ಮಿಷನ್‌ನ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮುಂದೆ ನಿಮಗೆ ಕಾಯಂ ಹುದ್ದೆ ಸಿಕ್ಕರೆ ಇಂಥದ್ದರ ಸರ್ಟಿಫಿಕೇಟಿಗೆ ಯಾರೂ ತಕರಾರು ಮಾಡುವುದಿಲ್ಲ. ಒಂದೇ ಮಾತು: ಸಿಎಎಸ್‌ಗೆ ಎಣಿಸುವುದು ಆಯಾ ಹಂತದ ಅವಧಿಯಲ್ಲಿ ಮಾಡಿದ ಕೋರ್ಸುಗಳನ್ನು. ಹಾಗಾಗಿ ಈಗಲೇ ಗುಡ್ಡೆ ಹಾಕಿಕೊಂಡರೆ ನಾಳೆಗೆ ಆಗುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಕಲಿಯಲು ಹೋಗಿ.

ನಿಜವಾಗಿ ಕಲಿಯಬೇಕು ಅಂದರೆ ನನ್ನ ಮೆಚ್ಚಿನದು ಎನ್‌ಪಿಟೆಲ್. ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುತ್ತವೆ, ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಸಿಗುತ್ತದೆ. ಪಾಠ ಕೇಳಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ 1,000 ರೂಪಾಯಿ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು. ಕೂತು ಓದದೆ ಇದು ಬರುವುದಿಲ್ಲ, ಅದಕ್ಕೇ ಇದಕ್ಕೆ ಮರ್ಯಾದೆ. ಅಕೌಂಟಿಂಗ್, ಫೈನಾನ್ಸ್, ಮ್ಯಾನೇಜ್‌ಮೆಂಟ್ ಎಲ್ಲದರಲ್ಲೂ ಇವೆ, ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಕಡೆ ಶುರುವಾಗುತ್ತವೆ. ಮಗ ಮಲಗಿದ ಮೇಲೆ ದಿನಕ್ಕೆ ಅರ್ಧ ಗಂಟೆ ಸಾಕು. ಸಂಶೋಧನೆಯ ಕಡೆ ಮನಸ್ಸಿದ್ದರೆ ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನೆಯ ರಾಷ್ಟ್ರೀಯ ಮಂಡಳಿ) ಹಣ ಕೊಟ್ಟು ನಡೆಸುವ ಸಂಶೋಧನಾ ವಿಧಾನದ ಶಿಬಿರಗಳಿವೆ, ಕಾಮರ್ಸ್‌ನವರನ್ನೂ ತೆಗೆದುಕೊಳ್ಳುತ್ತಾರೆ. ಷೇರು ಮಾರುಕಟ್ಟೆ ಪಾಠ ಮಾಡುವವರಾದರೆ ಎನ್‌ಐಎಸ್‌ಎಂ ಅನ್ನುವ ಷೇರುಪೇಟೆ ತರಬೇತಿ ಸಂಸ್ಥೆಯ ಪರೀಕ್ಷೆ ಒಂದನ್ನು ಬರೆಯಿರಿ. ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆಗೆ 1,500 ರೂಪಾಯಿ, ಮೂರು ವರ್ಷ ಮಾನ್ಯ. ಪಾಠಕ್ಕೂ ಆಯಿತು, ಕಾಲೇಜಿನ ಆಚೆಗೂ ಬಳಕೆ ಆಯಿತು. ನಿಮ್ಮ ಸೈನ್ಸ್ ವಿಭಾಗದ ಸ್ನೇಹಿತರಿಗೆ ಒಂದು ಮಾತು ದಾಟಿಸಿ: ಭಾರತೀಯ ವಿಜ್ಞಾನ ಅಕಾಡೆಮಿಯವರ ಬೇಸಿಗೆ ಸಂಶೋಧನಾ ಫೆಲೋಶಿಪ್ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅಧ್ಯಾಪಕರಿಗೂ ಇದೆ. ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು, ಭತ್ಯೆಯೂ ಸಿಗುತ್ತದೆ.

ಬಿಡಬೇಕಾದ್ದು ಯಾವುದು? 2020ರ ಲಾಕ್‌ಡೌನ್‌ನಲ್ಲಿ ಹುಟ್ಟಿದ ಜಾತಿ ಇದೆ. ಯೂಟ್ಯೂಬಿನಲ್ಲಿ ಒಂದು ಗಂಟೆ ಭಾಷಣ, ಕೆಳಗೆ ಫೀಡ್‌ಬ್ಯಾಕ್ ಫಾರಂ, ತುಂಬಿದರೆ ‘ಅಂತಾರಾಷ್ಟ್ರೀಯ’ ಸರ್ಟಿಫಿಕೇಟ್. ಭಾಷಣ ಕೇಳದೆಯೂ ಫಾರಂ ತುಂಬಬಹುದು. ಅದನ್ನು ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. 1,500 ರೂಪಾಯಿ ಕೊಟ್ಟರೆ ಮೂರು ದಿನದಲ್ಲಿ ಲೇಖನ ಅಚ್ಚು ಹಾಕುವ ಜರ್ನಲ್‌ಗಳದ್ದೂ ಅದೇ ಜಾತಿ. ಯುಜಿಸಿ 2019ರಿಂದ ಕೇರ್ ಅಂತ ಒಳ್ಳೆಯ ಜರ್ನಲ್‌ಗಳ ಪಟ್ಟಿ ಇಟ್ಟಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿತು. ‘ಕೇರ್ ಲಿಸ್ಟೆಡ್’ ಅಂತ ಈಗಲೂ ದುಡ್ಡು ಕೇಳಿದರೆ ಆ ಮೆಸೇಜ್ ಅಳಿಸಿಬಿಡಿ.

ಖರ್ಚಿನ ವಿಷಯಕ್ಕೆ ಬರೋಣ. ಮುಂದಿನ ಸಲ ಲಿಂಕ್ ಬಂದಾಗ ಗ್ರೂಪಿನಲ್ಲಿ ಏನೂ ಬರೆಯಬೇಡಿ. ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ, ನಾಲ್ಕೇ ಸಾಲು. “ಮಾನ್ಯರೇ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಡೆಯುವ ಈ ಕೋರ್ಸಿಗೆ ಹಾಜರಾಗಲು ಅನುಮತಿ ಕೋರುತ್ತೇನೆ. ಆ ದಿನಗಳನ್ನು ಓಓಡಿ (ಅನ್ಯ ಕರ್ತವ್ಯದ ಹಾಜರಿ) ಎಂದು ಪರಿಗಣಿಸಿ, ನೋಂದಣಿ ಶುಲ್ಕ ಇಷ್ಟು ರೂಪಾಯಿಯನ್ನು ಮರುಪಾವತಿ ಮಾಡಬೇಕಾಗಿ ವಿನಂತಿ. ವಾಪಸ್ ಬಂದ ಮೇಲೆ ವಿಭಾಗದವರಿಗೆ ಒಂದು ಗಂಟೆ ವಿಷಯ ಮಂಡಿಸುತ್ತೇನೆ. ಈ ವಿವರ ಐಕ್ಯೂಎಸಿ ದಾಖಲೆಗೂ ಬಳಕೆಯಾಗುತ್ತದೆ.” ಕೊನೆಯ ಸಾಲಿನಲ್ಲೇ ಮದ್ದಿದೆ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ದುಡ್ಡು ಕೊಡುವುದಿಲ್ಲ ಅಂದರೂ ಓಓಡಿಗೆ ಬಹಳ ಜನ ಒಪ್ಪುತ್ತಾರೆ, ಯಾಕೆಂದರೆ ಅದಕ್ಕೆ ಗಂಟು ಬಿಚ್ಚಬೇಕಿಲ್ಲ. ನಿಮ್ಮ ಒಂದು ಸಿ.ಎಲ್. ಉಳಿಯಿತಲ್ಲ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಇದು ಸರ್ಟಿಫಿಕೇಟಿಗಿಂತ ಭಾರ. ನಿಮಗೆ ಪಿಎಫ್ ಕಟ್ಟುತ್ತಿದ್ದಾರೆಯೇ? ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಅದು ಅನ್ವಯಿಸುತ್ತದೆ. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ನೋಡಿ. ಸಂಬಳದಿಂದ ಹಿಡಿದದ್ದೂ ಅಲ್ಲಿ ಜಮಾ ಆಗಿದ್ದೂ ತಾಳೆ ಆಗಬೇಕು. ಆಮೇಲೆ ಗ್ರಾಚ್ಯುಟಿ, ಕೆಲಸ ಬಿಡುವಾಗ ಬರುವ ಇಡಿಗಂಟು. ಮೇಷ್ಟ್ರುಗಳಿಗೆ ಗ್ರಾಚ್ಯುಟಿ ಇಲ್ಲ ಅಂತ ಹೇಳುವ ಮ್ಯಾನೇಜರುಗಳು ಇನ್ನೂ ಇದ್ದಾರೆ. 2009ರಲ್ಲಿ ಕಾನೂನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಅಧ್ಯಾಪಕರನ್ನೂ ಸೇರಿಸಿದರು. ಖಾಸಗಿ ಶಾಲೆಗಳವರು ಪ್ರಶ್ನಿಸಿದ್ದರು, 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಲೆಕ್ಕ ಕಾಮರ್ಸ್‌ನವರಿಗೆ ಹೇಳಿಕೊಡಬೇಕೇ? ಕೊನೆಯ ಸಂಬಳದ ಮೂಲ ವೇತನ ಮತ್ತು ತುಟ್ಟಿಭತ್ಯೆ, ಗುಣಿಸು 15, ಭಾಗಿಸು 26, ಗುಣಿಸು ವರ್ಷ. ನಿಮ್ಮ 28,000ದಲ್ಲಿ ಅವೆರಡೂ ಸೇರಿ 20,000 ಅಂದುಕೊಂಡರೆ ಏಳು ವರ್ಷಕ್ಕೆ 80,769 ರೂಪಾಯಿ. ಐದು ವರ್ಷ ದಾಟಿದ್ದೀರಿ, ಬೇರೆ ಕಡೆ ಹೋದರೂ ಇದು ನಿಮ್ಮದು. ಕೆಲಸ ಬಿಡುವವರಲ್ಲಿ ಇದನ್ನು ಕೇಳದೆ ಹೋಗುವವರೇ ಜಾಸ್ತಿ.

ಆಫೀಸಿನ ಅಕ್ಕನ ವಿಷಯ. ಅವರ ಬಗ್ಗೆ ಕೇಳಿದ್ದಕ್ಕೆ ಖುಷಿಯಾಯಿತು, ಯಾರೂ ಕೇಳುವುದಿಲ್ಲ. ಸರ್ಕಾರಿ ಕಾಲೇಜಿನ ಎಸ್‌ಡಿಎ, ಎಫ್‌ಡಿಎಗಳಿಗೆ ದಾರಿ ಸ್ಪಷ್ಟವಾಗಿದೆ. ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳು, ಅದರಲ್ಲೂ ಅಕೌಂಟ್ಸ್ ಹೈಯರ್, ಜನರಲ್ ಲಾ. 2012ರ ನಿಯಮದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯ ಕೈಕೆಳಗೆ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಖಾಸಗಿಯಲ್ಲಿ ಇರುವ ಅಕ್ಕನಿಗೆ ಇದೊಂದೂ ಇಲ್ಲ. ಆದರೆ ಒಂದು ನೋಡಿ. ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಅನ್ನುವ ಸರ್ಕಾರಿ ಪೋರ್ಟಲ್‌ಗೆ ಬಂದ ಮೇಲೆ ಕಾಲೇಜು ನಡೆಯುವುದೇ ಆಫೀಸಿನ ಒಬ್ಬಿಬ್ಬರ ಕೈಯಲ್ಲಿ. ಒಂದು ವಿದ್ಯಾರ್ಥಿಯ ವಿಷಯದ ಕೋಡ್ ತಪ್ಪಾದರೆ ಅಂಕಪಟ್ಟಿಗೆ ಆರು ತಿಂಗಳು ಅಲೆದಾಟ. ಅದನ್ನು ಚೆನ್ನಾಗಿ ಬಲ್ಲ ಕ್ಲರ್ಕಿಗೆ ಸುತ್ತಮುತ್ತಲ ಎಲ್ಲ ಕಾಲೇಜಿನಲ್ಲೂ ಬೇಡಿಕೆ ಇದೆ. ಅಕ್ಕ ಎಕ್ಸೆಲ್ ಮತ್ತು ಟ್ಯಾಲಿ ಕಲಿಯಲಿ, ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ವೇಗ ಮಾಡಿಕೊಳ್ಳಲಿ. ಟೈಪಿಂಗ್ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದರೆ ಇನ್ನೂ ಒಳ್ಳೆಯದು. ಡಿಗ್ರಿ ಅರ್ಧಕ್ಕೆ ನಿಂತಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ ಮುಗಿಸಬಹುದು. ಲೈಬ್ರರಿ ಕಡೆ ಆಸಕ್ತಿ ಇದ್ದರೆ ಬಿ.ಲಿಬ್. ಕೂಡ ಅಲ್ಲಿ ಸಿಗುತ್ತದೆ. 6.3ರಲ್ಲಿ ಆಫೀಸಿನವರ ಸೌಲಭ್ಯವನ್ನೂ ಕೇಳುತ್ತಾರೆ ಅಂದೆನಲ್ಲ, ಆ ಪತ್ರವನ್ನು ಅವರೂ ಬರೆಯಬಹುದು.

ಮೂಲ ಅಂಕಪಟ್ಟಿಗಳನ್ನು ಈ ತಿಂಗಳೇ ವಾಪಸ್ ತೆಗೆದುಕೊಳ್ಳಿ. ಪರಿಶೀಲನೆ ಮಾಡಿ ನಕಲು ಇಟ್ಟುಕೊಂಡು ಮೂಲ ಕೊಡುವುದು ಸರಿಯಾದ ಪದ್ಧತಿ. ನಿಮ್ಮ ಡಿಗ್ರಿ ನಿಮ್ಮ ಸ್ವತ್ತು, ಅಡವಿಟ್ಟ ಒಡವೆ ಅಲ್ಲ. ಜಗಳ ಬೇಡ, ನೆಪ ನಿಮ್ಮ ಕೈಯಲ್ಲೇ ಇದೆ: ಪಿಎಚ್‌.ಡಿ. ಪ್ರವೇಶಕ್ಕೆ, ಸೆಟ್ ಆದ ಮೇಲೆ ದಾಖಲೆ ಪರಿಶೀಲನೆಗೆ ಮೂಲ ಪ್ರತಿ ಬೇಕು ಅಂತ ಬರೆದು ಕೊಡಿ. ಕೊಡಲು ಹಿಂದೆ ಮುಂದೆ ನೋಡಿದರೆ ಯಾವ ಯಾವ ಅಂಕಪಟ್ಟಿ, ಯಾವ ನಂಬರು, ಯಾವ ದಿನ ಕೊಟ್ಟಿರಿ ಅಂತ ಪಟ್ಟಿ ಮಾಡಿ, ನಮ್ಮ ಬಳಿ ಇವೆ ಅಂತ ಸಹಿ ಹಾಕಿಸಿಕೊಳ್ಳಿ. ಆ ಸಹಿ ಹಾಕಲು ಯಾವ ಮ್ಯಾನೇಜ್‌ಮೆಂಟಿಗೂ ಇಷ್ಟ ಇರುವುದಿಲ್ಲ. ನಾನು ಕಂಡ ಎರಡು ಪ್ರಸಂಗದಲ್ಲೂ ಪಟ್ಟಿ ಕೊಟ್ಟ ವಾರದೊಳಗೆ ಅಂಕಪಟ್ಟಿಗಳೇ ವಾಪಸ್ ಬಂದವು.